ಹಗರೆ ಕೈಮರದ ಲೆಕ್ಕ

ಕಂಬಕ್ಕೆ ಬಿಗಿದ ಬೂದು ಡಬ್ಬಿ,
ನಮ್ಮಜ್ಜಿಯ ಎಲೆಡಿಕೆ ಪೆಟ್ಟಿಗೆಯಷ್ಟೇ.
ಒಳಗೊಂದು ಬೆಳಕಂತೆ, ಕಣ್ಣಿಗೆ ಕಾಣದ್ದು.
ಸೆಕೆಂಡಿಗೆ ನೂರು ಸಲ ರಸ್ತೆಯನ್ನು ಸವರಿ ಬರುತ್ತದಂತೆ.
ಹೋದದ್ದು ಎಷ್ಟು ಬೇಗ ವಾಪಸು ಬಂತು ಅನ್ನುವುದರಲ್ಲೇ
ಅಡ್ಡ ಸಿಕ್ಕಿದ್ದು ಎಷ್ಟೆತ್ತರ ಅಂತ ತಿಳಿಯುತ್ತದಂತೆ.
ಇಷ್ಟನ್ನೂ ಹೇಳಿದ್ದು ಇಂತಿಯಾಜ್,
ಏಣಿಯ ಮೇಲಿಂದ, ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡು.

ಅದು ತಪ್ಪಿದರೆ ಬರೆಯುವುದು ನನ್ನ ಕೆಲಸ.
ಮೂರು ದಿನ, ದಿನಕ್ಕೆ ಆರುನೂರು, ಊಟ ನಂದೇ.
ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿ, ಮಡಿಲಲ್ಲಿ ಟ್ಯಾಬು.
ರಸ್ತೆಯಲ್ಲಿ ಏನೋ ಹೋದರೆ ಪರದೆಯಲ್ಲಿ ಒಂದು ಗೆರೆ ಏಳುತ್ತದೆ:
ಸ್ಕೂಟರಿಗೆ ಸಣ್ಣ ದಿಬ್ಬ,
ಕಾರಿಗೆ ಮಗುಚಿಟ್ಟ ಬೋಗುಣಿ,
ಕೆಂಪು ಬಸ್ಸಿಗೆ ಗೋಡೆ.
ಗೆರೆಯ ಪಕ್ಕ ಒಂದು ಅಂಕಿ, ಅಂಕಿಯ ಪಕ್ಕ ಒಂದು ಹೆಸರು.
ನಾನು ತಲೆಯೆತ್ತಿ ನೋಡಿ ಹೌದು ಅನ್ನಬೇಕು.

ಹೌದು. ಹೌದು. ಹೌದು.
ಒತ್ತಿ ಒತ್ತಿ ಬೆರಳು ಜೋಮು ಹಿಡಿಯಿತು.
ಹಳೇಬೀಡಿಗೆ ತಿರುಗುವ ಟೂರಿಸ್ಟ್ ಬಸ್ಸಿನ ಕಿಟಕಿಯಿಂದ
ಯಾರೋ ನನ್ನ ಫೋಟೊ ತೆಗೆದರು. ಅದೂ ಹೌದು.

ಹತ್ತೂಕಾಲಿಗೆ ಮೊದಲ ತಪ್ಪು ಸಿಕ್ಕಿತು.
ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ಬಸ್ಸು ಅಂದಿತ್ತು.
ಖುಷಿಗೆ ಎದ್ದೇ ನಿಂತೆ.
ಗಾಡಿಯವನು ಹಗ್ಗ ಜಗ್ಗಿ, ಏನವ್ವಾ, ಹತ್ತುತ್ತೀಯಾ, ಅಂದ.

ಆಮೇಲೊಂದು ಗೂಡ್ಸ್ ಆಟೋ. ಮಂಚ, ಹಾಸಿಗೆ,
ಬೀರು, ಬೀರುವಿನ ಕನ್ನಡಿಯಲ್ಲಿ ಇಡೀ ಆಕಾಶ.
ಅದರ ಗೆರೆ ನಡುವೆ ಕಡಿದುಹೋಯಿತು, ಹೆಸರೇ ಬರಲಿಲ್ಲ.
ಕನ್ನಡಿಗೆ ಬಿದ್ದ ಬೆಳಕು ಬೇರೆಲ್ಲಿಗೋ ಹೋಗಿಬಿಡುತ್ತೆ,
ಅಂತ ಇಂತಿಯಾಜ್ ತಲೆ ಕೆರೆದುಕೊಂಡ.
ಹೊಸ ಮದುವೆ, ಹೋಗಲಿ ಬಿಡಿ, ಅಂದೆ.

ಮೊದಲೆಲ್ಲ ಇಲ್ಲಿ ದ್ಯಾವಪ್ಪ ಕೂರುತ್ತಿದ್ದ,
ಮೈಲಿಗಲ್ಲಿನ ಮೇಲೆ ಟವೆಲ್ಲು ಹಾಸಿ.
ನಾಲ್ಕು ಗೀಟು, ಐದನೆಯದು ಅಡ್ಡ.
ರಾತ್ರಿ ಕಣ್ಣು ಎಳೆದರೆ ಅಂದಾಜಿಗೆ ಎಂಟು ಲಾರಿ ಬರೆದು
ಗೋಣಿಚೀಲ ಹೊದ್ದುಕೊಳ್ಳುತ್ತಿದ್ದನಂತೆ.
ಆ ಎಂಟು ಲಾರಿಗೂ ಸೇರಿಸಿಯೇ ಕಣವ್ವ
ಈ ರಸ್ತೆ ಅಗಲ ಮಾಡಿದ್ದು, ಅಂತ
ಸಾಯುವ ತನಕ ನಗುತ್ತಿದ್ದ.

ಎರಡನೆಯ ದಿನ, ಬೆಳಿಗ್ಗೆ ಏಳು.
ಬೇಲೂರಿನ ಕಡೆಗೆ ಒಂದು ಪಿಕಪ್ಪು.
ಹಿಂದೆ ಹದಿನಾಲ್ಕು ಜನ, ತೋಟದ ಕೆಲಸಕ್ಕೆ, ಎಲ್ಲರೂ ನಿಂತೇ,
ಬುತ್ತಿ ಚೀಲ ತೋಳಿಗೆ ಸಿಕ್ಕಿಸಿ, ಕಂಬಿ ಹಿಡಿದು.
ಅತ್ತಿಗೆ ನಿಂಗಾಜಮ್ಮ ನನ್ನನ್ನು ಕಂಡು ಕೈ ಬೀಸಿದಳು.
ಪರದೆಯ ಗೆರೆಯಲ್ಲಿ ಒಂದು ಮುಳ್ಳು ಎದ್ದು ಬಿತ್ತು.
ಅದು ಅವಳ ಕೈ.
ಲಘು ಸರಕು ವಾಹನ, ಎತ್ತರ ಎರಡು ನಲವತ್ತು.

ಸಂಜೆ ಆರೂವರೆ. ಅದೇ ಗಾಡಿ, ಹಾಸನದ ಕಡೆಗೆ.
ಲಘು ಸರಕು ವಾಹನ, ಎತ್ತರ ಒಂದು ಎಂಬತ್ತು.
ನೋಡಿ, ಅಂದ ಇಂತಿಯಾಜ್,
ಸರಕು ಇಳಿಸಿ ಬಂದಿದೆ. ಎಷ್ಟು ಚೆನ್ನಾಗಿ ಹಿಡಿಯುತ್ತೆ!

ಇಳಿಸಿರಲಿಲ್ಲ.
ಹದಿನಾಲ್ಕೂ ಜನ ಅದರಲ್ಲೇ ಇದ್ದರು.
ಕೂತಿದ್ದರು, ಅಷ್ಟೇ,
ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ತಲೆ.
ಅತ್ತಿಗೆ ಈ ಕಡೆ ನೋಡಲಿಲ್ಲ.

ಅರವತ್ತು ಸೆಂಟಿಮೀಟರು.
ಹೌದು ಅನ್ನಲೋ, ತಪ್ಪು ಅನ್ನಲೋ.
ಗಾಡಿ ಅದೇ, ಜಾತಿ ಅದೇ, ಚಕ್ರ ನಾಲ್ಕೇ.
ಷರಾದ ಜಾಗದಲ್ಲಿ, ಇಳಿದಿಲ್ಲ ಕೂತಿದ್ದಾರೆ, ಅಂತ ಹೊಡೆದೆ.
ಅಂಕಿ ಮಾತ್ರ ನಮೂದಿಸಿ, ಅಂದಿತು ಟ್ಯಾಬು.
ಹದಿನಾಲ್ಕು ಅಂತ ಬರೆದೆ.
ತಗೊಂಡಿತು.

ಅಷ್ಟರಲ್ಲಿ ಮೂರು ಬೈಕು, ಒಂದು ಆಲೂಗಡ್ಡೆ ಲಾರಿ
ನನ್ನನ್ನು ದಾಟಿ ಹೋಗಿಬಿಟ್ಟಿದ್ದವು.
ನೋಡದೆಯೇ ಹೌದು ಅಂದೆ,
ದ್ಯಾವಪ್ಪನ ಹಾಗೆ.